ಅಮ್ಮ ಕೇಳಬೇಕಿದ್ದ ಕ್ಷಮೆ

ಕ್ರೈಸ್ತರಾದವರು ತಮ್ಮನ್ನು ತಗ್ಗಿಸಿಕೊಳ್ಳಬೇಕು ಎಂದು ಯಾರಾದರೂ ಬುದ್ಧಿ ಹೇಳಲು ಬಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಮಾತು ಸುಳ್ಳಲ್ಲ, ನಮ್ಮ ವೇದವಾದ ಬೈಬಲಿನಲ್ಲೇ ಇದೆ. ಆದರೆ ನಾನು ಕಂಡಂತೆ ಅದನ್ನು ಹೇಳುವವರು ಕುರ್ಚಿಯಲ್ಲಿ ಕೂತಿರುತ್ತಾರೆ, ಹೇಳಿಸಿಕೊಳ್ಳುವವರು ನಿಂತಿರುತ್ತಾರೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮಮ್ಮನನ್ನು ಹಾಗೆ ನಿಲ್ಲಿಸಿದ್ದರು.

ಅಮ್ಮ ಹೆಬ್ಬಾಳದ ನಮ್ಮ ಚರ್ಚಿನ ಸಭೆಯಲ್ಲಿ ಬೈಬಲ್ ವುಮನ್. ಅಂದರೆ ಸುತ್ತಲ ಹಳ್ಳಿಗಳಿಗೆ ನಡೆದುಹೋಗಿ ಹೆಂಗಸರಿಗೆ ವೇದ ಓದಿ ಹೇಳುವ, ಅವರಿಗಾಗಿ ಪ್ರಾರ್ಥಿಸುವ ಕೆಲಸ. ಅಪ್ಪ ತೀರಿಕೊಂಡ ಮೇಲೆ ಆ ಕೆಲಸ ಸಿಕ್ಕಿತ್ತು, ಜೊತೆಗೆ ಚರ್ಚಿನ ಕಾಂಪೌಂಡಿನಲ್ಲಿ ಒಂದು ರೂಮು, ಒಂದು ಅಡುಗೆಮನೆ. ಕೆಲಸ ಹೋದರೆ ಮನೆಯೂ ಹೋದಂತೆ. ಮಗಳಾದ ನಾನಾಗ ಯಶವಂತಪುರದ ಒಂದು ಫ್ಯಾಕ್ಟರಿಯಲ್ಲಿ ಮೋಟರುಗಳಿಗೆ ತಂತಿ ಸುತ್ತುತ್ತಿದ್ದೆ, ಭಾನುವಾರ ಕ್ವಯರಿನಲ್ಲಿ ಹಾಡುತ್ತಿದ್ದೆ.

ತಣಿಸಂದ್ರದಲ್ಲಿ ಸೊಪ್ಪು ಬೆಳೆದು ಮಾರುವ ಒಬ್ಬ ಮುದುಕಿ ಇದ್ದಳು. ಅವಳ ಮೀನಖಂಡದಲ್ಲಿ ಮೂರು ವರ್ಷದಿಂದ ಮಾಯದ ಹುಣ್ಣು. ವಾಸನೆ ತಡೆಯಲಾರದೆ ಸೊಸೆ ಅವಳನ್ನು ಕೊಟ್ಟಿಗೆಯ ಪಕ್ಕ ಮಲಗಿಸಿದ್ದಳು. ಮೊದಲ ದಿನ ವೇದ ಓದಲು ಕೂತ ಅಮ್ಮ ಎರಡು ವಾಕ್ಯ ಓದಿ, ಪುಸ್ತಕ ಮುಚ್ಚಿ, ಬಿಸಿನೀರು ಕೇಳಿದಳಂತೆ. ಅಲ್ಲಿಂದ ಏಳು ತಿಂಗಳು ಇದೇ ಕೆಲಸ. ಸರ್ಕಾರಿ ಆಸ್ಪತ್ರೆಯ ಮುಲಾಮು, ಬೇವಿನೆಲೆ ಕುದಿಸಿದ ನೀರು, ಅಪ್ಪನ ಹಳೇ ಪಂಚೆಗಳನ್ನು ಹರಿದು ಕುದಿಸಿ ಬಿಸಿಲಲ್ಲಿ ಒಣಗಿಸಿದ ಪಟ್ಟಿ. ಕೈ ಹುಣ್ಣು ತೊಳೆಯುತ್ತಿದ್ದರೆ ಬಾಯಿ ಪ್ರಾರ್ಥಿಸುತ್ತಿತ್ತು. ಸುಗ್ಗಿಯ ಹೊತ್ತಿಗೆ ಹುಣ್ಣು ಒಣಗಿ, ಮುದುಕಿ ಸೊಪ್ಪಿನ ಕುಕ್ಕೆ ಹೊತ್ತು ಓಡಾಡತೊಡಗಿದಳು. ಅಮ್ಮ ಇದನ್ನು ಸಭೆಯಲ್ಲಿ ಯಾರಿಗೂ ಹೇಳಲಿಲ್ಲ. ತಿಂಗಳ ವರದಿಯಲ್ಲಿ ತಣಿಸಂದ್ರಕ್ಕೆ ಭೇಟಿ ಎಂದಷ್ಟೇ ಬರೆಯುತ್ತಿದ್ದಳು.

ಆ ಬೇಸಿಗೆಯಲ್ಲಿ ಆರ್.ಟಿ. ನಗರದ ಒಂದು ಮೈದಾನದಲ್ಲಿ ಮೂರು ಸಂಜೆಗಳ ಕನ್ವೆನ್ಷನ್, ಅಂದರೆ ದೊಡ್ಡ ಪ್ರಾರ್ಥನಾ ಕೂಟ, ಆಯಿತು. ನಡೆಸಿದ್ದು ನಮ್ಮ ಸಭೆಯ ಹಿರಿಯರೇ. ಹೊರಗಿನಿಂದ ದೊಡ್ಡ ಬೋಧಕರೊಬ್ಬರನ್ನು ಕರೆಸಿದ್ದರು. ಸಿಕ್ಕ ಸಿಕ್ಕ ಗೋಡೆಗೆಲ್ಲ ಪೋಸ್ಟರು. ಮೇಲೆ ಸಣ್ಣಕ್ಷರದಲ್ಲಿ 'ದೇವರಿಗೆ ಮಹಿಮೆ', ಕೆಳಗೆ ಕೋಟು ತೊಟ್ಟ ಬೋಧಕರ ಭಾರಿ ಫೋಟೋ. ರೋಗಿಗಳಿಗಾಗಿ ಪ್ರಾರ್ಥನೆ ಮುಗಿದ ಮೇಲೆ ವಾಸಿಯಾದವರು ವೇದಿಕೆ ಹತ್ತಿ ಸಾಕ್ಷಿ ಹೇಳುವುದು ಪದ್ಧತಿ. ಹಾಡು ಕೇಳೋಣವೆಂದು ಅಮ್ಮನ ಜೊತೆ ಬಂದಿದ್ದ ಮುದುಕಿಯ ಕಾಲಿನ ಕಲೆ ಒಬ್ಬ ಕಾರ್ಯಕರ್ತನ ಕಣ್ಣಿಗೆ ಬಿತ್ತು. ವಾಸಿಯಾಯಿತಾ ಎಂದು ಕೇಳಿದ. ಆಗಿದೆ ಎಂದಳು. ಯಾವಾಗ ಎಂದು ಅವನು ಕೇಳಲೇ ಇಲ್ಲ, ಕೈಹಿಡಿದು ವೇದಿಕೆ ಹತ್ತಿಸಿಬಿಟ್ಟ.

ಬೋಧಕರು ಮೈಕು ಹಿಡಿದರು. "ಎಷ್ಟು ವರ್ಷದ ನೋವಮ್ಮ?"

"ಮೂರ್ ವರ್ಸ, ಸಾಮಿ."

"ಈಗ?"

"ಈಗಿಲ್ಲ."

ಜನರೆಲ್ಲ ಹಲ್ಲೆಲೂಯ ಎಂದು ಕೈಯೆತ್ತಿದರು. ಕ್ವಯರಿನಲ್ಲಿ ನಿಂತಿದ್ದ ನಾನೂ ಎತ್ತಿದೆ, ಗೊತ್ತಿದ್ದೂ ಎತ್ತಿದೆ.

"ಯಾವಾಗ ಹೋಯ್ತು ಅಂತ ಎಲ್ಲರಿಗೂ ಹೇಳಮ್ಮ."

"ಸುಗ್ಗೀಲೇ ಓಯ್ತಲ್ಲ ಸಾಮಿ. ಅಗೋ, ಅಲ್ ಕುಂತವ್ಳಲ್ಲ ಬೈಬಲಮ್ಮ, ಅವ್ಳೇ ಬಂದ್ ಬಂದ್ ಉಣ್ಣು ತೊಳ್ದು ವಾಸಿ ಮಾಡಿದ್ದು. ನೀವ್ ಯಾರೋ ನಂಗೊತ್ತಿಲ್ಲ."

ಹಿಂದಿನ ಸಾಲುಗಳಲ್ಲಿ ಜನ ಗೊಳ್ಳೆಂದು ನಕ್ಕರು. ಮೈಕು ಮುದುಕಿಯ ಬಾಯಿಂದ ದೂರ ಹೋಯಿತು.

ಮರುದಿನವೇ ಹಿರಿಯರು ಅಮ್ಮನನ್ನು ಕರೆಸಿದರು. ನಾನು ಬಾಗಿಲ ಬಳಿ ನಿಂತಿದ್ದೆ. ಮುದುಕಿಗೆ ಅಮ್ಮನೇ ಹೇಳಿಕೊಟ್ಟು ಕಳಿಸಿದಳಂತೆ, ದೇವರಿಗೆ ಸಲ್ಲಬೇಕಾದ ಮಹಿಮೆಯನ್ನು ತಾನು ಹೊಡೆದುಕೊಂಡಳಂತೆ.

"ನಿಮಗೆ ದೀನತೆ ಅನ್ನೋದೇ ಇಲ್ಲಮ್ಮ," ಎಂದರು ಸಭೆಯ ಕಾರ್ಯದರ್ಶಿ. "ಬರೋ ಭಾನುವಾರ ಎಲ್ಲರ ಮುಂದೆ ನಿಂತು, ಗರ್ವಪಟ್ಟೆ, ಕ್ಷಮಿಸಿ ಅಂತ ಹೇಳಿ. ಇಲ್ಲಾಂದ್ರೆ ಕೆಲಸ ಬಿಟ್ಟು ರೂಮ್ ಖಾಲಿ ಮಾಡಿ."

ನಮ್ಮ ಪಾಸ್ಟರ್ ಅಯ್ಯನವರು ಅಲ್ಲೇ ಕೂತು ಕನ್ನಡಕ ಒರೆಸುತ್ತಿದ್ದರು. ಆ ಕನ್ನಡಕಕ್ಕೆ ಅಷ್ಟೊಂದು ಧೂಳು ಎಲ್ಲಿಂದ ಬಂದಿತ್ತೋ.

ಮನೆಗೆ ಬಂದ ಕೂಡಲೇ ನಾನು ಶುರುಮಾಡಿದೆ. "ಹೇಳ್ಬಿಡಮ್ಮ. ಎರಡು ಮಾತು ಹೇಳಿದ್ರೆ ನಿನ್ ಗಂಟೇನು ಹೋಗುತ್ತೆ? ಮನೆ ಹೋದ್ರೆ ಎಲ್ಲಿಗೆ ಹೋಗೋಣ?" ಇಡೀ ವಾರ ಗೋಗರೆದೆ. ಆಗ ನನ್ನ ಮದುವೆಯ ಮಾತು ನಡೆಯುತ್ತಿತ್ತು, ಅದನ್ನೂ ಎತ್ತಿ ಆಡಿದೆ. "ಯೋಚ್ನೆ ಮಾಡ್ತಿದೀನಿ ಕಣೇ," ಎಂದು ಅಮ್ಮ ಅಕ್ಕಿ ಆರಿಸುತ್ತಿದ್ದಳು. ಆ ವಾರದ ನನ್ನನ್ನು ನೆನೆದರೆ ನಾಚಿಕೆಯಾಗುತ್ತದೆ.

ಭಾನುವಾರ ಪ್ರಕಟಣೆಗಳು ಮುಗಿದ ಮೇಲೆ ಅಮ್ಮ ಮುಂದೆ ಹೋಗಿ ನಿಂತಳು. ಸೆರಗು ತಲೆಯ ಮೇಲಿತ್ತು.

"ನಾನು ಗರ್ವಪಟ್ಟಿದ್ದು ನಿಜ," ಎಂದಳು. ಕಾರ್ಯದರ್ಶಿ ತಲೆಯಾಡಿಸಿದರು. ನನಗೆ ಹೋದ ಜೀವ ಬಂದಂತಾಯಿತು.

"ಅಷ್ಟು ಜನರ ಮಧ್ಯೆ ಆಯಮ್ಮ ನನ್ನನ್ನ ತೋರಿಸಿದಾಗ ಒಳಗೊಳಗೇ ಖುಷಿಯಾಯ್ತು. ಅದು ತಪ್ಪು. ಅವತ್ತೇ ದೇವರ ಹತ್ರ ಕ್ಷಮೆ ಕೇಳಿದೀನಿ. ನಿಮ್ಮ ಹತ್ರ ಕೇಳೋದಿಲ್ಲ. ಆಯಮ್ಮ ಹೇಳಿದ್ರಲ್ಲಿ ಒಂದೇ ಒಂದು ತಪ್ಪು. ವಾಸಿ ಮಾಡಿದ್ದು ನಾನಲ್ಲ, ದೇವರು. ನಾನು ತೊಳೆದೆ ಅಷ್ಟೆ. ಆದ್ರೆ ಸುಗ್ಗೀಲಿ ವಾಸಿಯಾಗಿದ್ದನ್ನ ಮೊನ್ನೆ ಆಯ್ತು ಅಂತ ಸುಳ್ಳು ಹೇಳಿ ಕೊಡೋ ಮಹಿಮೆ ದೇವರಿಗೆ ಬೇಡ. ಅದು ಬೇಕಾಗಿರೋದು ನಿಮ್ಮ ಪೋಸ್ಟರಿಗೆ."

"ಸಾಕು, ಕೂತ್ಕೊಳ್ಳಿ," ಎಂದರು ಯಾರೋ.

"ಕೂತ್ಕೋತೀನಿ. ತಣಿಸಂದ್ರದಲ್ಲಿ ಇನ್ನೂ ಇಬ್ಬರಿಗೆ ಹುಣ್ಣಿದೆ. ದೀನತೆ ಕಲೀಬೇಕು ಅನ್ನೋರು ನಾಳೆ ಬೆಳಿಗ್ಗೆ ಏಳಕ್ಕೆ ಗೇಟ್ ಹತ್ರ ಬನ್ನಿ. ಬಕೆಟ್ಟು ನಾನೇ ತರ್ತೀನಿ."

ತಿಂಗಳ ಕೊನೆಗೆ ರೂಮು ಖಾಲಿ ಮಾಡಿ ಗೊರಗುಂಟೆಪಾಳ್ಯದ ಒಂದು ಶೀಟಿನ ಮನೆ ಸೇರಿದೆವು. ಮದುವೆಯ ಮಾತೂ ಮುರಿಯಿತು. ಮುರಿಯಲಿ, ಕಾರ್ಯದರ್ಶಿಗಳ ಮುಖ ನೋಡಿಕೊಂಡು ಹೆಣ್ಣು ಒಪ್ಪುವ ಮನೆ ನನಗೂ ಬೇಕಿರಲಿಲ್ಲ. ಅಮ್ಮ ಎರಡು ಬಸ್ಸು ಬದಲಿಸಿ ತಣಿಸಂದ್ರಕ್ಕೆ ಹೋಗುತ್ತಲೇ ಇದ್ದಳು. ವರದಿ ಬರೆಯುವ ಕಾಟ ತಪ್ಪಿತು ಎಂದು ನಗುತ್ತಿದ್ದಳು.

ಆದರೆ ನನಗೆ ಮುಖ್ಯವಾದದ್ದು ಅಮ್ಮ ಸಭೆಯಲ್ಲಿ ಮಾತಾಡಿದ ಮರುದಿನದ ಆ ಸೋಮವಾರ. ಏಳು ಗಂಟೆಗೆ ಗೇಟಿನ ಹತ್ತಿರ ಸಭೆಯವರು ಒಬ್ಬರೂ ಬರಲಿಲ್ಲ. ನಾನು ಫ್ಯಾಕ್ಟರಿಗೆ ರಜೆ ಹಾಕಿ ನಿಂತಿದ್ದೆ. ಅಮ್ಮ ಬಕೆಟ್ಟನ್ನು ನನ್ನ ಕೈಗೆ ಕೊಟ್ಟಳು.

ತಣಿಸಂದ್ರದ ಒಂದು ಮನೆಯಲ್ಲಿ ನನ್ನದೇ ವಯಸ್ಸಿನ ಹೆಂಗಸು ಗೋಡೆಗೊರಗಿ ಕೂತಿದ್ದಳು. ಅಮ್ಮ ಅವಳ ಪಾದದ ಬಟ್ಟೆ ಬಿಚ್ಚಿದಳು. ಹುಣ್ಣು ಕಂಡ ಕೂಡಲೇ ನಾನು ಗೋಡೆಯ ಕಡೆ ತಿರುಗಿಬಿಟ್ಟೆ.

"ಮುಖ ತಿರುಗಿಸ್ಬೇಡ ಕಣೇ," ಎಂದಳು ಅಮ್ಮ ಮೆಲ್ಲಗೆ. "ಅವಳು ನಿನ್ನ ಮುಖಾನೇ ನೋಡ್ತಿದಾಳೆ."

ತಿರುಗಿದೆ. ನಿಜವಾಗಿಯೂ ನೋಡುತ್ತಿದ್ದಳು, ಹುಣ್ಣಾಗಿದ್ದು ತನ್ನದೇ ತಪ್ಪೆಂದು ನನ್ನ ಕ್ಷಮೆ ಕೇಳುವವಳಂತೆ. ನಾನು ನೆಲಕ್ಕೆ ಕೂತು ಅವಳ ಪಾದವನ್ನು ತೊಡೆಯ ಮೇಲೆ ಎಳೆದುಕೊಂಡೆ.