ಅತ್ತೆಯ ಲಿವರಿನ ಬಾವು ಇಳಿದದ್ದು

ನಾನು ಹುಕ್ಕೇರಿಯಿಂದ ನಾಗನೂರಿಗೆ ಸೊಸೆಯಾಗಿ ಬಂದಾಗ ಹೊಲ, ಮನೆ ಎರಡನ್ನೂ ನಡೆಸುತ್ತಿದ್ದವರು ಅತ್ತೆ. ಮಾವ ತೀರಿಕೊಂಡ ಮೇಲೆ ಕಬ್ಬಿಗೆ ನೀರು ಹಾಯಿಸಲು ನಸುಕಿನಲ್ಲೇ ಎದ್ದು ಹೋಗುತ್ತಿದ್ದರು. ಅಂಥವರು ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ಬದುವಿನ ಮೇಲೆ ಕೂತವರು ಏಳಲಾರದೆ ಹೋದರು.

ಬೆಳಗಾವಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಸೂಜಿಯಿಂದ ಲಿವರಿನ ಚೂರು ತೆಗೆದು ನೋಡಿದರು. ಹೆಪಟೈಟಿಸ್ ಸಿ. ಹಿಂದೆ ಗರ್ಭಕೋಶದ ಆಪರೇಷನ್ನಿನಲ್ಲಿ ಏರಿಸಿದ ರಕ್ತದಿಂದ ಬಂದಿರಬೇಕು, ಅಂದಿನಿಂದ ಲಿವರು ಒಳಗೊಳಗೇ ಬಾತು ಕಲೆಗಟ್ಟುತ್ತಿದೆ ಎಂದರು.

"ವೈರಸ್ ಹೋದ್ರ ಬಾವು ಇಳಿತೈತ್ರಿ. ಆಮ್ಯಾಲ ಲಿವರ್ ತಾನ ಸುಧಾರಿಸಾಕ ಹತ್ತತೈತಿ. ಆದ್ರ ಔಷಧ ಭಾಳ ತ್ರಾಸ ಕೊಡ್ತೈತಿ, ಎಲ್ಲಾರಿಗೂ ನಾಟೂದೂ ಇಲ್ಲ."

"ತ್ರಾಸ ನನಗೇನ ಹೊಸಾದಲ್ರಿ," ಎಂದರು ಅತ್ತೆ.

ಮನೆಗೆ ಬಂದವರೇ ತಮ್ಮ ತಾಟು ಬೇರೆ ಇಟ್ಟುಕೊಂಡರು. ಕೂಡಿ ಉಂಡರೆ ಇದು ಹರಡುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ನಾನು ಅದೇ ತಾಟಿನಲ್ಲಿ ರೊಟ್ಟಿ ಮುರಿದು ಉಂಡೆ. ಅತ್ತೆ ನೋಡಿದರು. ಮರುದಿನ ತಾಟು ಎಲ್ಲರ ತಾಟುಗಳ ಜೊತೆ ಸೇರಿತು.

ವಾರಕ್ಕೆ ಮೂರು ಸಲ ಇಂಟರ್‌ಫೆರಾನ್ ಇಂಜೆಕ್ಷನ್, ದಿನಾ ಮಾತ್ರೆ. ನಮ್ಮೂರಲ್ಲಿ ಕರೆಂಟಿನ ಭರವಸೆ ಇರಲಿಲ್ಲ. ಮೂಡಲಗಿಯ ಔಷಧದಂಗಡಿಯ ಫ್ರಿಜ್ಜಿನಲ್ಲಿಟ್ಟು, ಬೇಕಾದ ದಿನ ನನ್ನ ಗಂಡ ಥರ್ಮಾಸಿನಲ್ಲಿ ತರುತ್ತಿದ್ದರು. ಚುಚ್ಚುವುದನ್ನು ಆಸ್ಪತ್ರೆಯ ನರ್ಸಿನಿಂದ ನಾನೇ ಕಲಿತಿದ್ದೆ. ಮೊದಲ ಸಲ ಸೂಜಿ ಹಿಡಿದು, ಚುಚ್ಚುವ ಜಾಗವನ್ನು ಮತ್ತೆ ಮತ್ತೆ ಒರೆಸುತ್ತ ಕೂತೆ.

"ಎಮ್ಮಿಗೆ ಚುಚ್ಚಿದಂಗ ಚುಚ್ಚವಾ. ನಾ ಒದಿಯೂದಿಲ್ಲ," ಎಂದರು.

ಜ್ವರ, ನಡುಕ. ಬಾಯಿಗೆ ಹಾಕಿದ್ದೆಲ್ಲ ಕಹಿ. ಬಾಚಣಿಗೆ ತುಂಬ ಕೂದಲು. ಮಾವ ಹೋದಾಗಲೂ ನಾಲ್ಕು ಜನರೆದುರು ಅಳದವರು ಕಾರಣವಿಲ್ಲದೆ ಕೂತು ಅಳುತ್ತಿದ್ದರು. ಮೂರನೇ ತಿಂಗಳಲ್ಲಿ "ಸಾಕವಾ, ಬಿಟ್ಟಬಿಡೂಣು" ಎಂದುಬಿಟ್ಟರು. ಅದೇ ವಾರ ಮತ್ತೆ ರಕ್ತ ಪರೀಕ್ಷೆಯಾಯಿತು. ಲಿವರಿನ ಬಾವು ತೋರಿಸುವ ಅಂಶ ಹೆಚ್ಚುಕಡಿಮೆ ಸರಿಯಾದ ಮಟ್ಟಕ್ಕೆ ಬಂದಿತ್ತು.

"ಅತ್ತಿ, ಬಾವು ಇಳ್ಯಾಕತ್ತೈತ್ರಿ," ಎಂದೆ.

ಅತ್ತೆ ಗೋಡೆ ಹಿಡಿದು ಎದ್ದು ಕೂತರು. "ಇವತ್ತ ಸೂಜಿ ಐತೇನು?"

"ಐತ್ರಿ."

"ಹಂಗಾರ ತಗೊಂಬಾ."

ಔಷಧ ಮುಗಿದು ಆರು ತಿಂಗಳಾದ ಮೇಲೆ ಮಾಡಿಸಿದ ಪರೀಕ್ಷೆಯಲ್ಲೂ ವೈರಸ್ ಇರಲಿಲ್ಲ. "ಗೆದ್ರಿ ಅಮ್ಮಾರ," ಎಂದರು ಡಾಕ್ಟರು. "ಕಲೆ ಮಾಯಾಕ ವರ್ಷಗಟ್ಟಲೆ ಬೇಕು. ನಡುನಡುವ ಬಂದು ತೋರಸ್ರಿ."

ಮಳೆಗಾಲ. ಬರುವಾಗ ಅತ್ತೆ ಗೋಕಾಕ ಫಾಲ್ಸಿನಲ್ಲೇ ಬಸ್ಸಿಳಿದರು. ಘಟಪ್ರಭೆ ಕೆಂಪಗೆ ತುಂಬಿ ಧುಮುಕುತ್ತಿತ್ತು. ನನ್ನನ್ನು ಕೇಳದೆ ತೂಗುಸೇತುವೆ ಹತ್ತಿ ಸರಸರ ನಡೆದೇಬಿಟ್ಟರು, ಸೆರಗು ಗಾಳಿಗೆ ಪಟಪಟ ಬಡಿಯುತ್ತಿತ್ತು. ನಾನು ಅರ್ಧದಲ್ಲೇ ಹಗ್ಗ ಹಿಡಿದು ನಿಂತೆ. ಆಚೆ ದಂಡೆ ಮುಟ್ಟಿದ ಅತ್ತೆ ಹಿಂತಿರುಗಿ ನಕ್ಕರು. ಆ ನಗು ನೋಡಿ ಎಷ್ಟು ಕಾಲವಾಗಿತ್ತೋ.

"ಬಾರವಾ," ಎಂದು ಕೂಗಿದರು. "ಕೆಳಗ ನೋಡಬ್ಯಾಡ, ನನ್ನ ನೋಡಕೋತ ಬಾ."