ಬಾಲ್ಕನಿಯ ಮೂರು ಕಲ್ಲು ಮತ್ತು ನನ್ನ ಥರ್ಮೋಕೋಲ್ ಗುಡಿ

ಬಾಲ್ಕನಿಯಲ್ಲಿದ್ದ ಮೂರು ಕಲ್ಲುಗಳಿಗೆ ನಮ್ಮ ಅತ್ತೆ ಅರಸಿನ ಹಚ್ಚಿ ಹೂವಿಟ್ಟ ದಿನವೇ ನನ್ನ ಮಗಳ ಹಿಸ್ಟರಿ ಪ್ರಾಜೆಕ್ಟ್ ನಮ್ಮ ಕೈತಪ್ಪಿ ಹೋಗಿತ್ತು.

ಅದು ನಮಗೆ ಗೊತ್ತಾದದ್ದು ಹದಿನೈದು ದಿನ ಕಳೆದ ಮೇಲೆ. ಅಂದರೆ, ಪ್ರಾಜೆಕ್ಟನ್ನು ಶಾಲೆಗೆ ಒಯ್ಯಬೇಕಾದ ಬೆಳಗ್ಗೆ.

ಕಲ್ಲುಗಳ ಪೂರ್ವಾಪರ ಹೇಳಿಬಿಡುತ್ತೇನೆ.

ಏಳನೇ ಕ್ಲಾಸಿನ ಆದ್ಯಾ ಒಂದು ಪ್ರಾಚೀನ ದೇವಾಲಯದ ಮಾಡೆಲ್ ಮಾಡಿ, ಅದರ ಪಕ್ಕ ನಿಂತು ವಿವರಿಸಬೇಕಿತ್ತು. ಉಡುಪಿ ಕಡೆಯವರ ಮಗಳು, ದೇವಸ್ಥಾನಗಳಿಗೇನು ಬರವೇ? ಅವಳು ಆರಿಸಿಕೊಂಡದ್ದು ಮಾತ್ರ ಇಟಲಿಯ ಸಾರ್ಡಿನಿಯಾ ದ್ವೀಪದ ಒಂದು ಪ್ಯೂನಿಕ್ ಗುಡಿ.

ಪ್ಯೂನಿಕ್ ಅಂದರೆ ಕಾರ್ತೇಜಿನ ಜನ. ಸಮುದ್ರ ದಾಟಿ ಬಂದು, ವ್ಯಾಪಾರ ಮಾಡಿ, ಅಲ್ಲೇ ಬೇರು ಬಿಟ್ಟವರು. ಇಷ್ಟು ದೊಡ್ಡ ದ್ವೀಪದಲ್ಲಿ ಬೇರೆ ಜಾಗವೇ ಕಾಣಲಿಲ್ಲವೋ ಏನೋ, ಮೂಲದವರು ತಮ್ಮ ಹಿರಿಯರನ್ನು ಹೂಳಿ ಪೂಜಿಸುತ್ತಿದ್ದ ಸ್ಥಳದ ಪಕ್ಕದಲ್ಲೇ ತಮ್ಮ ಗುಡಿ ಎಬ್ಬಿಸಿದರು.

ಯಾಕೆ ಪಕ್ಕದಲ್ಲೇ? ಟೀಚರ್ ಕೇಳಲಿದ್ದ ಪ್ರಶ್ನೆ ಅದೇ. ಹೆಚ್ಚು ಮಾರ್ಕ್ಸ್ ಇದ್ದದ್ದೂ ಅದಕ್ಕೇ.

ಗುಡಿಯ ಗುತ್ತಿಗೆಯನ್ನು ಯಾರೂ ಕೇಳದಿದ್ದರೂ ನಾನು ವಹಿಸಿಕೊಂಡೆ. ಎರಡು ವೀಕೆಂಡ್, ನಾಲ್ಕು ಶೀಟ್ ಥರ್ಮೋಕೋಲ್, ಒಂದು ಸುಟ್ಟ ಬೆರಳು... ಕಾರ್ತೇಜಿನವರೂ ಇಷ್ಟು ಕಷ್ಟಪಟ್ಟಿರಲಾರರು.

ಹಳೆಯ ಪವಿತ್ರ ಸ್ಥಳಕ್ಕೆಂದು ಆದ್ಯಾ ನಾವಿರುವ ಈ ಅರಬ್ ನಾಡಿನ ಹತ್ತಾ ಎಂಬ ಗುಡ್ಡಗಾಡಿನ ಒಣಹಳ್ಳದಿಂದ ಮೂರು ಕಲ್ಲು ಹೆಕ್ಕಿ ತಂದಳು. ತೊಳೆದು, ಬಾಲ್ಕನಿಯ ತುಳಸಿ ಕುಂಡದ ಪಕ್ಕ ಸಾಲಾಗಿ ಇಟ್ಟಳು.

ಅದೇ ವಾರ ಕಾರ್ಕಳದಿಂದ ಅತ್ತೆ ವಿಸಿಟ್ ವೀಸಾದಲ್ಲಿ ಬಂದರು.

ಬಂದ ಮರುದಿನ ಅವರು ನನ್ನನ್ನು ಮೆಚ್ಚುಗೆಯಿಂದ ನೋಡಿದರು. ಹದಿನಾಲ್ಕು ವರ್ಷದ ದಾಂಪತ್ಯದಲ್ಲಿ ಇದೇ ಮೊದಲು. ಕಾರಣ ಕೇಳುವಷ್ಟು ಮೂರ್ಖ ನಾನಲ್ಲ.

ಕಾರಣ ಆ ಕಲ್ಲುಗಳು. ದೇವರು ದಿಂಡರು ಎಂದರೆ ಮೊಬೈಲ್ ನೋಡುವ ಅಳಿಯ, ಕೊನೆಗೂ ಬುದ್ಧಿ ಬಂದು ಈ ಜಾಗದ ದೈವಕ್ಕೊಂದು ನೆಲೆ ಮಾಡಿದ್ದಾನೆ ಎಂದುಕೊಂಡಿದ್ದರು. ಎಲ್ಲಿ ವಾಸ ಮಾಡುತ್ತೇವೋ ಅಲ್ಲಿ ಮೊದಲೇ ಇದ್ದವರಿಗೆ ಮೊದಲು ಸಲ್ಲಬೇಕು... ನಮ್ಮ ಕಡೆಯ ಲೆಕ್ಕ ಅಷ್ಟೇ ಸರಳ.

ಜೂನ್ ತಿಂಗಳು. ಬಾಲ್ಕನಿ ಬಾಗಿಲು ತೆರೆದರೆ ಎಸಿಯ ತಂಪೆಲ್ಲ ನಮ್ಮ ಸಿಲಿಕಾನ್ ಓಯಸಿಸ್ ಬಡಾವಣೆಯ ಪಾಲಾಗುತ್ತದೆ ಎಂದು ನಾವ್ಯಾರೂ ಆ ಕಡೆ ಸುಳಿಯುವುದಿಲ್ಲ. ಅಲ್ಲಿ ದಿನಾ ಅರಸಿನ, ಹೂ, ದೀಪ ನಡೆಯುತ್ತಿತ್ತು.

ಆ ಬೆಳಗ್ಗೆ ಕಲ್ಲು ತರಲು ಹೋದ ಆದ್ಯಾ ಬಾಗಿಲಲ್ಲೇ ನಿಂತಳು. "ಪಪ್ಪಾ, ವೈ ಆರ್ ಮೈ ಸ್ಟೋನ್ಸ್ ಯೆಲ್ಲೋ?"

"ಮುಟ್ಬೇಡ ಮಗಾ," ಅಂದರು ಅತ್ತೆ. "ಹದಿನೈದು ದಿನ ಪೂಜೆ ಆಗಿದೆ. ಕೇಳದೆ ಕದಲಿಸ್ಲಿಕ್ಕಿಲ್ಲ."

ಕೆಳಗಿನ ಗಾರ್ಡನ್‌ನಿಂದ ಬೇರೆ ಮೂರು ಕಲ್ಲು ತರುವಾ ಎಂದೆ. ಕಲ್ಲು ಹೆಕ್ಕುವ ಫೋಟೋ ಆಗಲೇ ಟೀಚರಿಗೆ ಹೋಗಿದೆ ಎಂದು ಆದ್ಯಾಳ ಕಣ್ಣು ತುಂಬಿತು. ಅತ್ತೆ ನನ್ನ ಕಡೆ ತಿರುಗಿ, "ಮಗುವಿನ ಬಾಯಲ್ಲಿ ಸುಳ್ಳು ಹೇಳಿಸುದಾ ನೀವು?" ಅಂದರು. ಹದಿನೈದು ದಿನದ ಮೆಚ್ಚುಗೆ ಅಲ್ಲಿಗೆ ಖಲಾಸ್.

ಬೆಲ್ ಹೊಡೆಯಲು ನಲವತ್ತು ನಿಮಿಷ. ಹೆಂಡತಿ ಸುಜಾತ ಊರಿನ ಭಟ್ಟರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ನನ್ನ ಕೈಗಿತ್ತಳು.

"ಜಾಗ ಸ್ವಂತದ್ದಾ?"

"ಬಾಡಿಗೆ, ಭಟ್ರೆ."

"ಎಷ್ಟನೇ ಮಾಳಿಗೆ?"

"ಹನ್ನೊಂದು."

ಆಚೆ ಕಡೆ ಪುಸ್ತಕದ ಹಾಳೆ ತಿರುವುವ ಸದ್ದು. ಶಾಸ್ತ್ರ ಬರೆದವರಿಗೆ ಲಿಫ್ಟ್ ಗೊತ್ತಿರಲಿಲ್ಲ, ಪಾಪ.

"ಹೋಗಿ ಬರುವಾ ಅಂತ ಕೈಮುಗಿದು ಹೇಳಿ," ಅಂದರು ಭಟ್ಟರು. "ಒಂಟಿಯಾಗಿ ಮಾತ್ರ ಕಳಿಸ್ಬೇಡಿ."

ಹಾಗಾಗಿ ಅತ್ತೆಯೂ ಹೊರಟರು. ಮುಂದಿನ ಸೀಟು, ಮಡಿಲಲ್ಲಿ ಹೊಸ ಬೈರಾಸು ಟವೆಲಿನಲ್ಲಿ ಸುತ್ತಿದ ಮೂರು ಕಲ್ಲು, ಮೇಲೆ ಸೀಟ್ ಬೆಲ್ಟ್. ನನ್ನ ಗುಡಿಗೆ ಸಿಕ್ಕಿದ್ದು ಡಿಕ್ಕಿ.

ಶಾಲೆಯ ಎದುರಿನ ಹಂಪ್‌ನಲ್ಲಿ ಹಿಂದಿನಿಂದ ಒಂದು ಸದ್ದು ಬಂತು.

ತೆಗೆದು ನೋಡಿದರೆ ಸೂರು ಬಿದ್ದಿದೆ, ನಾಲ್ಕರಲ್ಲಿ ಮೂರು ಕಂಬ ಮಲಗಿವೆ. ಕ್ಲಾಸಿನ ಮೇಜಿನ ಮೇಲಿಟ್ಟದ್ದನ್ನು ಟೀಚರ್ ಬಂದು ನೋಡಿ, ತುಂಬ ಆಥೆಂಟಿಕ್ ಆಗಿದೆ ಅಂದರು. ಅವರು ವ್ಯಂಗ್ಯವಾಡಿದರೋ ಏನೋ, ಇವತ್ತಿಗೂ ನನಗೆ ತಿಳಿದಿಲ್ಲ.

ನಂತರ ಆ ಪ್ರಶ್ನೆ ಬಂತು. ಹೊಸದಾಗಿ ಬಂದವರು ಹಳಬರ ಪವಿತ್ರ ಸ್ಥಳದ ಪಕ್ಕದಲ್ಲೇ ಯಾಕೆ ಕಟ್ಟಿದರು?

ಆದ್ಯಾ ಒಂದು ಪ್ಯಾರಾ ಬಾಯಿಪಾಠ ಮಾಡಿದ್ದಳು. ಬಿದ್ದ ಕಂಬಗಳನ್ನು ನೋಡುತ್ತಾ ನಿಂತವಳಿಗೆ ಒಂದು ಶಬ್ದವೂ ಬಾಯಿಗೆ ಬರುತ್ತಿಲ್ಲ.

"ಎಂತ ಕೇಳುದು ಅವರು?" ಅಂತ ಅತ್ತೆ ನನ್ನನ್ನು ಕೇಳಿದರು. ಹೇಳಿದೆ.

"ಇದೂ ಒಂದು ಪ್ರಶ್ನೆಯಾ? ಪರವೂರಿಗೆ ಬಂದವರಿಗೆ ಹೆದರಿಕೆ ಇರ್ತದಲ್ಲ. ಮೊದಲೇ ಇದ್ದವರ ಹತ್ತಿರ ಕೂತ್ರೆ ಒಂದು ಧೈರ್ಯ."

ಆದ್ಯಾ ಅಜ್ಜಿಯ ಮುಖ ನೋಡಿದಳು. ಆಮೇಲೆ ಟೀಚರ್ ಕಡೆ ತಿರುಗಿ, "ಮೈ ಅಜ್ಜಿ ಸೇಸ್..." ಅಂತ ಶುರು ಮಾಡಿದಳು. ಒಮ್ಮೆ ಶುರುವಾದ ಮೇಲೆ ನಿಲ್ಲಲಿಲ್ಲ. ಅರಸಿನ ಯಾಕೆ, ಬೈರಾಸು ಯಾಕೆ, ಭಟ್ಟರು ಏನಂದರು, ಎಲ್ಲ ಇಂಗ್ಲಿಷಿನಲ್ಲಿ. ಟೀಚರ್ ಕುರ್ಚಿ ಎಳೆದುಕೊಂಡು ಕೂತರು.

ವಿವರಣೆಗೆ ಪೂರ್ತಿ ಮಾರ್ಕ್ಸ್ ಬಂತು. ಕಡಿತವಾದದ್ದು ಗುಡಿಗೆ ಮಾತ್ರ. ಕಾರಣದ ಜಾಗದಲ್ಲಿ ಬರೆದಿದ್ದರು: ಪೋಷಕರ ಸಹಾಯ ಅತಿಯಾಗಿದೆ.

ಅತ್ತೆ ಊರಿಗೆ ಮರಳಿದ್ದಾರೆ. ಗುಡಿ ಕಸದ ಚೀಲ ಸೇರಿದೆ. ಕಲ್ಲುಗಳು ತುಳಸಿ ಪಕ್ಕದಲ್ಲೇ ಇವೆ, ಬೆಳಗ್ಗೆ ದೀಪ ಹಚ್ಚುವ ಡ್ಯೂಟಿ ಈಗ ನನಗೆ. ಮೊಬೈಲನ್ನು ಒಳಗಿಟ್ಟು ಹೋಗುತ್ತೇನೆ. ಯಾಕೆಂದು ಕೇಳಬೇಡಿ.

ಈಗ ಹೊಸ ತಲೆನೋವು. ಮುಂದಿನ ತಿಂಗಳು ಬೇರೆ ಟವರಿಗೆ ಶಿಫ್ಟ್ ಆಗುತ್ತಿದ್ದೇವೆ, ಸಾಗಿಸುವವರು ಸಾಮಾನಿನ ಪಟ್ಟಿ ಕೇಳಿದ್ದಾರೆ.

ಸೋಫಾ ಬರೆದೆ, ಫ್ರಿಜ್ ಬರೆದೆ, ಮಂಚ ಬರೆದೆ... ಈ ಮೂವರನ್ನು ಏನಂತ ಬರೆಯಲಿ, ಹೇಳಿ?