ಆಯುಧಪೂಜೆ ದಿನ ಲಿನಕ್ಸ್ ಒಳಗೆ ಗುಡಿಸಿದ್ದು

ಹೊಳೇನರ್ಸೀಪುರದಲ್ಲಿ ನಾನು ಹೋಗ್ತಿದ್ದ ಕಂಪ್ಯೂಟರ್ ಸೆಂಟರ್‌ನಲ್ಲಿ ವಿಂಡೋಸ್ ಬದಲು ಲಿನಕ್ಸ್ ಇದ್ದಿದ್ದು ಒಂದೇ ಮಿಷನ್‌ನಲ್ಲಿ. ಅದ್ರ ಹೋಮ್ ಅನ್ನೋ ಫೋಲ್ಡರ್‌ನಲ್ಲಿ ನನ್ನ ಡಿಪ್ಲೊಮಾ ಪ್ರಾಜೆಕ್ಟು: ಅರಕಲಗೂಡು, ಚನ್ನರಾಯಪಟ್ಣದ ಬಸ್ ಟೈಮೆಲ್ಲಾ ಹೇಳೋ ಪ್ರೋಗ್ರಾಮು. ಬಸ್ಸೇ ಟೈಮಿಗೆ ಬರಲ್ಲ, ಅದು ಬೇರೆ ಮಾತು. ವಿಜಯದಶಮಿ ಮಾರನೇ ದಿನ ಹಾಸನದಲ್ಲಿ ತೋರಿಸ್ಬೇಕು, ಇಲ್ಲಾಂದ್ರೆ ಫೇಲು.

ಆಯುಧಪೂಜೆ ಬೆಳಗ್ಗೆ ಅದನ್ನ ಇಳಿಸ್ಕಳಕ್ಕೆ ಫ್ಲಾಪಿ ಹಿಡ್ಕಂಡು ಹೋದೆ. ಸೆಂಟರ್ ಸಾರು ಕೀಬೋರ್ಡ್ ತಲೆಕೆಳಗು ಮಾಡಿ ಕುಟ್ಟಿ ಅರ್ಧ ಸೇರು ಕಡ್ಲೆಪುರಿ ಉದುರಿಸಿದ್ರು. ಹೊರಗೆ ಕ್ಲೀನಾಯ್ತಲ್ಲ, ಮಿಷನ್ ಒಳಕ್ಕೆ ಇಳಿದ್ರು.

"ಇದೇನ್ಲಾ? ಬಿನ್ನು ಅನ್ನೋ ಫೋಲ್ಡರು ಈಚೆಗೂ ಅದೆ, ಯುಎಸ್ಆರ್ ಅನ್ನೋ ಫೋಲ್ಡರ್ ಒಳ್ಗೂ ಅದೆ. ಲಿಬ್ಬೂ ಅಂಗೇ. ಯಾವನ್ಲಾ ಇಂಗೆ ಅರಡಿರೋನು?"

"ಅಂಗೇ ಇರ್ಬೇಕು ಸಾ. ಈಚೆದು ಮಿಷನ್ ಎದ್ದೇಳಕ್ಕೆ, ಒಳಗಿಂದು ಆಮೇಲಿನ ಕೆಲ್ಸಕ್ಕೆ. ಬ್ರಷ್ಷು ಬಚ್ಚಲಲ್ಲಿ, ಒಳ್ಳೇ ಬಟ್ಟೆ ಬೀರುನಲ್ಲಿ ಇದ್ದಂಗೆ."

"ಅಬ್ಬದ್ ದಿನ ನಂಗೇ ಬುದ್ಧಿ ಯೋಳ್ಬ್ಯಾಡ ಕಣ್ಲಾ."

ರೂಟ್ ಅನ್ನೋ ಯಜಮಾನಿಕೆ ಅವ್ರದ್ದೇ. ಈಚೆ ಲಿಬ್‌ನಲ್ಲಿದ್ದದ್ದೆಲ್ಲಾ ಒಳಗಿನ ಲಿಬ್‌ಗೆ ಸಾಗಿಸ್ಬುಟ್ರು. ಮಿಷನ್ನಾದ್ರೂ ಬ್ಯಾಡ ಅನ್ಬಾರ್ದಾ? ಅನ್ಲಿಲ್ಲ.

ಆಮೇಲೆ ಏನ್ ಹೊಡೆದ್ರೂ 'ಅಂಥಾ ಫೈಲೇ ಇಲ್ಲ' ಅಂತದೆ! ಕಮಾಂಡುಗಳು ಓಡಕ್ಕೆ ಬೇಕಾದ ಸಾಮಾನೆಲ್ಲಾ ಈಚೆ ಲಿಬ್‌ನಲ್ಲೇ ಇರ್ಬೇಕು. ವಾಪಸ್ ಸಾಗ್ಸೋ ಕಮಾಂಡಿಗೂ ಅದೇ ಬೇಕು! ಬೀಗದಕೈ ಬೀರು ಒಳಗಿಟ್ಟು ಬೀಗ ಜಡಿದಂಗೆ. ನನ್ನ ಪ್ರಾಜೆಕ್ಟ್ ಒಳಗೇ ಅದೆ, ತೆಗೆಯಕ್ಕಾಗಲ್ಲ. ತಲೆ ಚಚ್ಕಳನಾ ಅಂದ್ರೆ ಗೋಡೆಗೆಲ್ಲಾ ಅರಿಶಿಣ ಬಳಿದಿದ್ರು.

"ಲಿನಕ್ಸ್ ಸಿಡಿ ಹಾಕಿ ಅದ್ರಿಂದ್ಲೇ ಮಿಷನ್ ಎಬ್ಬಿಸಾಣ ಸಾ."

ಸಿಡಿ ದೇವ್ರ ಮುಂದೆ, ಸ್ಕ್ರೂಡ್ರೈವರ್ ಪಕ್ಕ, ಕುಂಕುಮ ಬಳ್ಕಂಡು ಕೂತಿತ್ತು. ಸಾರ್ ಅವ್ವ ಅಡ್ಡ ನಿಂತ್ರು.

"ಪೂಜೆಗಿಟ್ಟಿರೋ ಆಯುಧ ನಾಳೆಗಂಟ ಮುಟ್ಟಂಗಿಲ್ಲ ಕಣಪ್ಪ."

"ಅಜ್ಜಿ, ಅದು ಆಯುಧ ಅಲ್ಲ, ಸಿಡಿ!"

"ಮತ್ಯಾಕ್ಲಾ ಪೂಜೆಗಿಟ್ರಿ?"

ನಮ್ ಸಾರು ಬಾಳೆಕಂಬ ನೆಟ್ಟಗೆ ಮಾಡಕ್ಕೆ ಹೋದ್ರು. ಆವತ್ತು ಒಬ್ಬಟ್ಟೂ ತಿನ್ನದೆ ಮಲಗ್ದೆ. ಐದಕ್ಕೇ ಎದ್ಬುಟ್ಟೆ.

ವಿಜಯದಶಮಿ ಬೆಳಗ್ಗೆ ಅಜ್ಜಿ ಸಿಡಿ ಕೊಟ್ರು. ಡ್ರೈವು ಕುಂಕುಮ ನುಂಗಿ ಗೊರಗೊರ ಅಂದು ಈಚೆಗೆ ಉಗೀತು. ಹೊಸಾ ಅಂಗಿಯಲ್ಲೇ ಒರೆಸಿ ಮತ್ತೆ ತುರುಕಿದೆ. ಎದ್ದೇಳ್ತು! ಹೋಮ್‌ಗೆ ಯಾರೂ ಕೈ ಹಾಕಿರ್ಲಿಲ್ಲ, ಪ್ರಾಜೆಕ್ಟ್ ಇತ್ತು. ಫ್ಲಾಪಿಗೆ ಇಳಿಸ್ಕಂಡೆ.

"ನೋಡ್ದಾ, ಪೂಜೆ ಮಾಡಿದ್ಕೇ ಉಳೀತು," ಅಂದ್ರು ಸಾರು. "ಈಗ ಲಿಬ್ ವಾಪಸ್ ಹಾಕನ. ಅಂಗೇ ಆ ಬಿನ್‌ಗಳನ್ನೂ ಒಂದ್ ಕಡೆ..."

ಫ್ಲಾಪಿ ಜೇಬಿಗಿಟ್ಕಂಡು ಬಸ್‌ಸ್ಟ್ಯಾಂಡಿಗೆ ಓಡಿದೆ. ನನ್ನ ಪ್ರೋಗ್ರಾಮ್ ಪ್ರಕಾರ ನಮ್ಮೂರ ಬಸ್ಸು ಹೋಗಿ ಅರ್ಧ ಗಂಟೆ ಆಗಿರ್ಬೇಕಿತ್ತು. ಇನ್ನೂ ನಿಂತೇ ಇತ್ತು.